‘ಯಾಕ ಹಿಂಗಾತು?’ ಎನ್ನುತ್ತಿದ್ದವರು

ಇಳಕಲ್ಲಿನಿಂದ ಕಲ್ಲು ಸಾಗಿಸುವ ಲಾರಿಯಲ್ಲಿ ನನಗೆ ಡ್ರೈವಿಂಗ್ ಕಲಿಸಿದ ಹಿರಿಯ ಡ್ರೈವರ್ ಒಮ್ಮೆಯೂ ಬೈಯಲಿಲ್ಲ. ನಾನು ತಪ್ಪು ಮಾಡಿದಾಗಲೆಲ್ಲ ಗಾಡಿ ನಿಲ್ಲಿಸಿ, ಟವೆಲಿನಿಂದ ಮುಖ ಒರೆಸಿಕೊಂಡು, “ಯಾಕ ಹಿಂಗಾತು?” ಎಂದು ಕೇಳುತ್ತಿದ್ದರು. ಕಾರಣ ತಿಳಿದುಕೊಳ್ಳುವ ಕುತೂಹಲ ಅವರಿಗೆ ನಿಜವಾಗಿಯೂ ಇತ್ತು.

ಕಮತಗಿಯ ತಿರುವಿನಲ್ಲಿ ನಾನು ಕಾರಿನಂತೆ ಲಾರಿಯನ್ನೂ ಬೇಗ ತಿರುಗಿಸಿದೆ. ಹಿಂದಿನ ಗಾಲಿ ಚರಂಡಿಯ ಅಂಚಿಗೆ ಬಂತು. ಅವರು ನನ್ನನ್ನು ಕೆಳಗಿಳಿಸಿ, ಮಣ್ಣಿನಲ್ಲಿ ಮೂಡಿದ್ದ ಗಾಲಿಯ ಗುರುತಿನ ಪಕ್ಕ ಕುಕ್ಕರಗಾಲಲ್ಲಿ ಕೂತರು.

“ನೋಡ್ ತಮ್ಮಾ, ಮುಂದಿನ ಗಾಲಿ ಹೋದ ದಾರಿಗೆ ಹಿಂದಿನದು ಬರೂದಿಲ್ಲ. ಒಳಗ ಸರೀತೈತಿ.”

ಇಕ್ಕಟ್ಟಾದ ಓಣಿಯಲ್ಲಿ ರಿವರ್ಸ್ ತೆಗೆಯಲು ಮಾತ್ರ ಅವರು ಯಾರ ಕೈಗೂ ಸ್ಟೇರಿಂಗ್ ಕೊಡುತ್ತಿರಲಿಲ್ಲ. ಒಂದು ದಿನ ಬಾದಾಮಿಯ ಅಂಥದೊಂದು ಓಣಿಯಲ್ಲಿ ಹಾಸುಗಲ್ಲು ಇಳಿಸಲು ಅವರೇ ಲಾರಿ ಹಿಂದಕ್ಕೆ ತೆಗೆಯುವಾಗ, ಲಾರಿ ತಾಗಿ ಎಡಗಡೆಯ ಮನೆಯ ಕಟ್ಟೆ ಒಡೆಯಿತು.

ಆ ಮನೆಯ ಅಜ್ಜಿ ಹೊರಗೆ ಬಂದು, “ತಲಿ ಬೆಳ್ಳಗಾದ್ರೂ ಗಾಡಿ ಹೊಡ್ಯಾಕ ಬರೂದಿಲ್ಲೇನ್ರಿ?” ಎಂದಳು.

“ತಪ್ಪು ನಂದ ಐತ್ರಿ ಯವ್ವಾ. ಕಟ್ಟಿ ನಾನ ಕಟ್ಟಿಸಿ ಕೊಡ್ತೇನಿ,” ಎಂದು ಅವರು ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಯಾಕ ಹಿಂಗಾತು?”

ನಾನು ಹಿಂಜರಿದೆ. “ಬಲಗಡೆ ಕನ್ನಡಿ ಅಷ್ಟ ನೋಡಿದ್ರಿ ಕಾಕಾ. ಇಳದು ನೋಡ್ಲಿಲ್ಲ.”

ಅವರು ಒಡೆದ ಕಟ್ಟೆಯನ್ನೂ ಎಡಗಡೆಯ ಕನ್ನಡಿಯನ್ನೂ ಬಹಳ ಹೊತ್ತು ನೋಡಿದರು.

“ಖರೆ,” ಎಂದು ಕೀಲಿಕೈಯನ್ನು ನನ್ನ ಕೈಗಿಟ್ಟರು. “ಇನ್ನ ರಿವರ್ಸ್ ನೀ ತಗಿ. ನಾ ಕೆಳಗ ನಿಂತು ನೋಡ್ತೇನಿ.”