ಬೈದರೆ ಹತ್ತುವ ಬಳ್ಳಿ

ಮೊನ್ನೆ ಮಂಗರವಳ್ಳಿ ಚಟ್ನಿಗೆ ಹುಣಸೆಹಣ್ಣು ಸಾಲದೆ ನಾಲಿಗೆ ಚುರುಚುರು ಎಂದಿತು. ಮೂಗಿನಲ್ಲಿ ಇಂಗಿನ ಘಮ, ಗಂಟಲಲ್ಲಿ ಆ ಹಳೆಯ ತುರಿಕೆ... ಚನ್ನರಾಯಪಟ್ಟಣದ ಪಕ್ಕದ ಮನೆಯ ದೊಡ್ಡಮ್ಮ ಎದುರಿಗೇ ಬಂದು ಕೂತ ಹಾಗಾಯಿತು.

ಅದು ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದ ಯುದ್ಧದ ಕಾಲ. ನಾನು ಹಾಸನದಿಂದ ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ನಮ್ಮತ್ತೆ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಶಾಂತಿಗ್ರಾಮದ ಕಡೆಯಿಂದ ಬಂದ ನಾಟಿ ವೈದ್ಯರು ಬಿದಿರು ದಬ್ಬೆ ಕಟ್ಟಿ, ದಿನಾ ಮಂಗರವಳ್ಳಿ ಚಟ್ನಿ ತಿನ್ನಿಸಿ, ಮೂಳೆ ಕೂಡುತ್ತದೆ ಎಂದು ಹೇಳಿ ಹೋದರು. ಬೀದಿಗೆಲ್ಲ ಹೆಸರಾದ ರೊಟ್ಟಿ ತಟ್ಟುವ ಕೈ ಅದು. "ಇನ್ನು ಈ ಕೈ ರೊಟ್ಟಿ ತಟ್ಟಲ್ಲ ಬಿಡು" ಎಂದು ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರೆ ನನಗೆ ದಿಕ್ಕೇ ತೋಚುತ್ತಿರಲಿಲ್ಲ.

ಬೀದಿಯಲ್ಲಿ ಆ ಬಳ್ಳಿ ಇದ್ದದ್ದು ದೊಡ್ಡಮ್ಮನ ಹಿತ್ತಲಲ್ಲಿ ಮಾತ್ರ. ಎಲೆ ಕಡಿಮೆ, ಮೈಯೆಲ್ಲ ರಸ. ನಾಲ್ಕು ಏಣಿನ ಹಸಿರು ದಂಟು, ಬೆರಳುದ್ದಕ್ಕೊಂದು ಗಿಣ್ಣು. ಕೊಟ್ಟಿಗೆಯ ಮಾಡಿನಿಂದ ಜಡೆಗಳ ಹಾಗೆ ಇಳಿಬಿದ್ದಿರುತ್ತಿತ್ತು. ಚಟ್ನಿಗೆ ಅಂತ ಹೋದಾಗಲೆಲ್ಲ ಎಳೆ ಕುಡಿಗಳನ್ನು ಮುರಿದು ನನ್ನ ಮಡಿಲಿಗೆ ತುಂಬುತ್ತಿದ್ದರು. ಆದರೂ ದಿನಾ ಹೋಗಿ ನಿಲ್ಲಲು ನನಗೆ ಸಂಕೋಚ. ಒಂದು ದಿನ ಕೇಳಿಯೇ ಬಿಟ್ಟೆ: "ದೊಡ್ಡಮ್ಮ, ನೆಡೋದಕ್ಕೆ ಒಂದು ತುಂಡು ಕೊಡಿ."

ಅವರ ಮುಖ ಗಂಟಾಯಿತು. "ತಿನ್ನಾಕೆ ಎಷ್ಟಾದ್ರೂ ತಗಂಡೋಗು. ನೆಡಾಕೆ ಕೊಡಾಕಿಲ್ಲ." ಆಮೇಲೆ ಹಸುವಿಗೆ ಹೇಳುವ ಹಾಗೆ ಆ ಕಡೆ ತಿರುಗಿ, ದನಿ ಏರಿಸಿ, "ನಾಳೀಕೆ ಸಂತೆಗೆ ಓಯ್ತೀನಿ. ಈ ಇತ್ಲ ಬಾಗ್ಲಿಗೆ ಅಗಣಿ ಬೇರೆ ಬೀಳಾಕಿಲ್ಲ, ಏನ್ ಮಾಡಾದೋ!" ಎಂದರು.

ಬರಿಗೈಯಲ್ಲಿ ಬಂದು ಅತ್ತೆಯ ಮುಂದೆ ನಡೆದದ್ದೆಲ್ಲ ಹೇಳಿ ಮೂಗು ಒರೆಸಿಕೊಂಡೆ. ಅವರು ದಬ್ಬೆ ಕಟ್ಟಿದ ಕೈ ಎತ್ತಿಹಿಡಿದು ನಗತೊಡಗಿದರು. "ನೆಡಾಕೆ ಅಂತ ಬಾಯ್ಬಿಟ್ಟು ಕೇಳ್ದ್ಯಾ? ಅಯ್ಯೋ ಪೆದ್ದೇ! ಕೊಟ್ಟ ಬಳ್ಳಿ ಕೊಳ್ತೋಯ್ತದೆ ಕಣೇ. ಕದ್ದು ತರ್ಬೇಕು, ಅವ್ಳು ಬಯ್ಬೇಕು, ಆಗ್ಲೇ ಅದು ಹತ್ಕೊಳ್ಳೋದು. ಪಾಪ, ಅಗಣಿ ವಿಷ್ಯಾನೂ ಹೇಳವ್ಳೆ!" ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಕದ್ದೆ. ಎರಡು ಗಿಣ್ಣಿನ ತುಂಡು ಮುರಿದು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಸಂಜೆ ಗೋಡೆಯಾಚೆ ಶುರುವಾಯಿತು. "ಯಾವಳೇ ಅವ್ಳು ನನ್ ಬಳ್ಳಿ ಮುರ್ದೋಳು! ಅವ್ಳ ಕೈ ಸೇದೋಗ! ಅವ್ಳ ಮನೆ ಆಳಾಗ!" ನಡುವೆ ದನಿ ತಗ್ಗಿಸಿ ಗೋಡೆಗೆ ಬಾಯಿ ಹಚ್ಚಿ, "ಲೇ, ಎಲ್ಡು ದಿನ ನೆಳ್ಳಾಗಿಟ್ಟು ಗಾಯ ಒಣುಗ್ಸಿ ನೆಡು. ನೀರುಯ್ದು ಉಯ್ದು ಕೊಲ್ಬ್ಯಾಡ." ಮತ್ತೆ ಗಂಟಲೆತ್ತಿ, "ಅವ್ಳ ಮಡ್ಕೆ ಮುಕ್ಕಾಗ!"

ಹಾಗೇ ಮಾಡಿದೆ. ತಳ ತೂತಾದ ಸೀಮೆಎಣ್ಣೆ ಡಬ್ಬಕ್ಕೆ ಇಟ್ಟಿಗೆ ಚೂರು, ಮರಳು, ಒಂದಿಷ್ಟು ಗೊಬ್ಬರದ ಮಣ್ಣು. ಒಂದು ಗಿಣ್ಣು ಮಣ್ಣಿನೊಳಗೆ, ಒಂದು ಹೊರಗೆ. ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು. ಈ ಬಳ್ಳಿಯನ್ನು ಸಾಯಿಸುವುದು ಬಿಸಿಲಲ್ಲ, ನಮ್ಮ ಮುದ್ದು. ಇವತ್ತಿಗೂ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಗಿಣ್ಣಿನಿಂದ ಗಿಣ್ಣಿಗೆ ಬೆಳೆದು ಅದು ಡಬ್ಬ ಇಟ್ಟಿದ್ದ ಹಿತ್ತಲ ಕಟ್ಟೆಯಿಂದ ನೆಲ ಮುಟ್ಟುವ ಹೊತ್ತಿಗೆ ಅತ್ತೆಯ ಕೈ ಕೂಡಿತ್ತು. ದಬ್ಬೆಯಿಂದಲೋ ಚಟ್ನಿಯಿಂದಲೋ ನಾನು ವಾದಕ್ಕೆ ಹೋಗುವುದಿಲ್ಲ. ರೊಟ್ಟಿ ಮಾತ್ರ ಮೊದಲಿನಷ್ಟೇ ತೆಳ್ಳಗೆ ಬಂತು.

ಯುದ್ಧ ಮುಗಿದ ವರ್ಷ ದೊಡ್ಡಮ್ಮನ ಕೊಟ್ಟಿಗೆ ಕುಸಿದು ಬಳ್ಳಿಯೆಲ್ಲ ಮಣ್ಣಿನಡಿ ಸೇರಿತು. ಒಂಟಿ ಜೀವ, ದಂಡಿಗನಹಳ್ಳಿಯ ತಮ್ಮನ ಮನೆಗೆ ಹೊರಟುನಿಂತರು. ಹೊರಡುವ ದಿನ ನೆಟ್ಟಗೆ ನಮ್ಮ ಹಿತ್ತಲಿಗೆ ಬಂದು, ನನ್ನ ಕಣ್ಣೆದುರೇ ಒಂದು ತುಂಡು ಲಟಕ್ಕನೆ ಮುರಿದು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬಯ್ಯೇ."

"ನಿಮ್ಮನ್ನಾ? ಹ್ಯಾಗೆ ದೊಡ್ಡಮ್ಮ..."

"ನಂದು ಅಂತ ಉಳ್ದಿರಾದು ಇದೊಂದೇ ಕಣೇ. ಬಯ್ದೆ ಕಳುಸ್ದ್ರೆ ಇದೂ ಕೊಳ್ತೋಯ್ತದೆ."

ನನ್ನ ಕಣ್ಣು ತುಂಬಿತು. ಅವರಿಗೆ ಸಿಟ್ಟು ಬಂತು. "ಥೂ, ನೀ ಅತ್ರೆ ಬಳ್ಳಿ ಅತ್ತದೇನೇ!" ಹಕಾರವನ್ನು ನುಂಗುವ ಅವರ ಬಾಯಲ್ಲಿ ಅಳುವುದೂ ಹತ್ತುವುದೂ ಒಂದಾಗಿ, ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಆ ನಗುವಿನಲ್ಲೇ ಬಾಯಿ ಬಿಚ್ಚಿತು. "ಕಳ್ಳಿ! ಹಗಲುಗಳ್ಳಿ! ನಿನ್ನ ಕೈ ಸೇದೋಗ!" ಅವರನ್ನು ನಾನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ.

"ಅಂಗೆ! ಇನ್ನೂ ಜೋರಾಗಿ!" ಎನ್ನುತ್ತಾ ಬೀದಿಗೆ ಇಳಿದರು. ನಾನು ಹಿಂದೆಯೇ ಬೈದುಕೊಂಡು ಹೋದೆ. ಜನ ಜಗಲಿಗೆ ಬಂದು ನೋಡಿದರು. ಇದ್ದಿಲಿನ ಬಸ್ಸು ಹೊಗೆಯುಗುಳಿ ಹೊರಟಾಗಲೂ ಬೈಯುತ್ತಲೇ ಇದ್ದೆ. ಅವರು ತಿರುಗಿ ನೋಡಲಿಲ್ಲ. ಹೆಗಲು ಮಾತ್ರ ಅಲುಗುತ್ತಿತ್ತು...

ಬಳ್ಳಿ ಹತ್ತಿತು, ತಮ್ಮನ ಮನೆಯ ಬೇಲಿಯನ್ನೆಲ್ಲ ಮುಚ್ಚಿತು ಎಂದು ಸಂತೆಗೆ ಬಂದವರು ಹೇಳಿದರು. ದೊಡ್ಡಮ್ಮ ಹೆಚ್ಚು ದಿನ ಬಾಳಲಿಲ್ಲ ಎಂಬುದನ್ನೂ ಅವರೇ ಹೇಳಿದರು.

ಈಗ ನಮ್ಮತ್ತೆಯೂ ಇಲ್ಲ, ಆ ಬೀದಿಯ ಹಿರಿಯರು ಯಾರೂ ಇಲ್ಲ. ಬಳ್ಳಿ ಚೆನ್ನಾಗಿದೆ, ನಾನೂ ಗಟ್ಟಿಯಾಗಿದ್ದೇನೆ. ಮನೆಗೆ ಬಂದವರೆಲ್ಲ ನನ್ನನ್ನು ಬಹುವಚನದಲ್ಲಿ ಮಾತಾಡಿಸಿ, ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋಗುತ್ತಾರೆ. ಬಾಯ್ತುಂಬ ಬೈಯುವಷ್ಟು ಹತ್ತಿರದವರು ಒಬ್ಬರೂ ಉಳಿದಿಲ್ಲ.