ಹಳ್ಳದ ದಂಡೆಯ ಏಳು ಗಿಡ

ಮೊನ್ನೆ ಅಕ್ಕನ ಮನೆಯಲ್ಲಿ ಹಳೆಯ ಬಟ್ಟೆಯ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅಕ್ಕ ಒಂದೊಂದೇ ಬಟ್ಟೆ ಕೊಡವಿ ತೋರಿಸುತ್ತಿದ್ದಳು. ನನಗೆ ಮಾತ್ರ ಶಿರಸಿಯಲ್ಲಿ ನಾನು ಓದಿದ ಕಾಲೇಜಿನ ಹಿಂಬದಿಯ ಕೋಣೆ ಕಾಣುತ್ತಿತ್ತು. ಒಣಗಿಸಿದ ಗಿಡಗಳ ಹಾಳೆ ತುಂಬಿದ ಕಬ್ಬಿಣದ ಬೀರು, ಅದರೊಳಗೆ ಇದೇ ಗುಳಿಗೆಗಳು, ಎದುರಿಗೆ ಬಗ್ಗಿ ನಿಂತ ನಮ್ಮ ಬಾಟನಿ ಸರ್...

ಸರ್ ಕುಳ್ಳಗಿದ್ದರು. ಕಿಸೆಯಲ್ಲಿ ಪೆನ್ನಿನ ಬದಲು ಭೂತಗನ್ನಡಿ ಇರುತ್ತಿತ್ತು. "ಗುಲಾಬಿ ಅಂದ್ರೆ ಕುಂಡದಲ್ಲಿ ಇರೂದು ಅಂತ ಮಾಡಿದ್ರಾ? ಅದರ ಬಡ ನೆಂಟರು ನಮ್ಮ ಕಾಡಲ್ಲೂ ಇದ್ದಾರೆ" ಎಂದು ತರಗತಿಯಲ್ಲಿ ತಮಾಷೆ ಮಾಡುತ್ತಿದ್ದರು. ಚಂದಗುಳಿಯ ಕಡೆಯಿಂದ ಮನ್ಮನೆಯವರೆಗೆ ಅವರು ತುಳಿಯದ ಕಾಡಿರಲಿಲ್ಲ.

ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಹೆಗ್ಗರಣೆಯ ಹತ್ತಿರ ಒಂದು ಹಳ್ಳದ ದಂಡೆಯಲ್ಲಿ ಅಂಥ ಒಬ್ಬ ನೆಂಟ ಅವರಿಗೆ ಸಿಕ್ಕಿದ. ನೆಲಕ್ಕೆ ಅಂಟಿಕೊಂಡ ಗಿಡ, ಮೂರು ಮೂರು ಎಲೆ, ಹೆಬ್ಬೆರಳ ಉಗುರಿನಷ್ಟು ಹಳದಿ ಹೂ, ಐದು ಎಸಳು. ಗುಲಾಬಿಯದೇ ಕುಟುಂಬ, ವರ್ಷವೂ ಅದೇ ಬೇರಿನಿಂದ ಚಿಗುರುವಂಥದ್ದು. ಇಡೀ ದಂಡೆಯಲ್ಲಿ ಏಳೇ ಗಿಡ. ಈ ಸೀಮೆಯಲ್ಲಿ ಅದನ್ನು ತಾನೆಂದೂ ಕಂಡಿರಲಿಲ್ಲ ಎಂದು ತರಗತಿಯಲ್ಲಿ ಎರಡೆರಡು ಸಲ ಹೇಳಿದರು. ಚಿತ್ರ ಬರೆದು ದೂರದ ಪಂಡಿತರೊಬ್ಬರಿಗೆ ಕಳಿಸಿದರು. ಹಣ್ಣು ಕೆಂಪಗೆ ಮೆತ್ತಗಿದ್ದರೆ ಒಂದು ಜಾತಿ, ಒಣಕಾಳಾದರೆ ಇನ್ನೊಂದು, ಹಣ್ಣು ನೋಡದೆ ಹೆಸರು ಹೇಳಲಾಗದು ಎಂದು ಉತ್ತರ ಬಂತು. ಸರ್ ಹಣ್ಣಿಗಾಗಿ ದಿನ ಎಣಿಸತೊಡಗಿದರು.

ನಾನು ಅವರ ಮೆಚ್ಚಿನ ವಿದ್ಯಾರ್ಥಿನಿ. ಹಾಗೆಂದು ನಾನೇ ತಿಳಿದಿದ್ದೆ, ಜಂಭಕ್ಕೇನೂ ಕಡಿಮೆಯಿರಲಿಲ್ಲ. ಒಂದು ಭಾನುವಾರ ನಮ್ಮ ಅಬ್ಬಾನ ಟೆಂಪೊ ಹೆಗ್ಗರಣೆಗೆ ಸಿಮೆಂಟ್ ಒಯ್ಯುವುದಿತ್ತು. ಹಣ್ಣಾಗಿದೆಯೇ ನೋಡಿ ಬರೋಣವೆಂದು ಹತ್ತಿ ಕುಳಿತೆ. ಹಣ್ಣಾಗಿರಲಿಲ್ಲ, ಹೂ ಆಗಷ್ಟೇ ಉದುರಿತ್ತು. ಅಷ್ಟರಲ್ಲಿ ಕಸಬರಿಗೆ, ದೊಡ್ಡ ದೊಡ್ಡ ಬುಟ್ಟಿ ಹಿಡಿದ ಹೆಂಗಸರು ಗುಡ್ಡ ಇಳಿಯುತ್ತ ಬಂದರು. ದರಕು ಗುಡಿಸುವ ಕಾಲ ಅದು. ಕೊಟ್ಟಿಗೆಗೆ ಹಾಸಲು, ಗೊಬ್ಬರ ಮಾಡಲು ಬೆಟ್ಟದ ಒಣ ಎಲೆಯನ್ನೆಲ್ಲ ಬಾಚಿಕೊಂಡು ಹೋಗುತ್ತಾರೆ, ನೆಲ ಬೋಳಾಗುತ್ತದೆ. ಇವರಿಗೆ ಗಿಡದ ಬೆಲೆ ಏನು ಗೊತ್ತು ಎಂದುಕೊಂಡೆ. ಬೇರಿಲ್ಲದ ಮಾದರಿ ಮಾದರಿಯೇ ಅಲ್ಲ ಎಂದು ಸರ್ ಹೇಳಿದ್ದು ನೆನಪಿತ್ತು. ಏಳನ್ನೂ ಬೇರು ಸಮೇತ ಕಿತ್ತು ಒದ್ದೆ ಪೇಪರಿನಲ್ಲಿ ಸುತ್ತಿದೆ. ಸುತ್ತ ನಾಲ್ಕು ಗೂಟ ಹುಗಿದದ್ದು ಕಂಡಿತ್ತು. ಯಾರೋ ಬೇಲಿಗೆ ಹುಗಿದಿರಬೇಕು ಅಂದುಕೊಂಡೆ.

ಸೋಮವಾರ ದರಕಿನ ಹೆಂಗಸರ ವಿಷಯ ಹೇಳಿ ಪೊಟ್ಟಣ ಕೊಟ್ಟೆ, ಸರ್ ಪೇಪರು ಬಿಚ್ಚಿದರು. ಭೂತಗನ್ನಡಿ ಹಿಡಿದು ಒಂದೊಂದೇ ಬೇರು ನೋಡಿದರು.

"ಅಲ್ಲಿ ಗುಡಿಸ್ಬೇಡಿ ಅಂತ ಆ ಹೆಂಗಸರಿಗೆ ನಾನು ಹೇಳಿಟ್ಟಿದ್ದೆ ಮಾರಾಯ್ತಿ. ಗೂಟ ಹುಗಿದವ್ರು ಅವ್ರೇ" ಎಂದರು.

ಆಮೇಲೆ ನನ್ನ ಮುಖ ನೋಡಿ, "ನೀನು ಉಳಿಸ್ಲಿಕ್ಕೆ ಹೋದೆ, ಗೊತ್ತು" ಎಂದರು. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಅದೇ ಮಧ್ಯಾಹ್ನ ಇಬ್ಬರೂ ಬಸ್ಸಿನಲ್ಲಿ ಹೋಗಿ ಆರು ಗಿಡವನ್ನು ಮತ್ತೆ ನೆಟ್ಟೆವು. ಸರ್ ಬೊಗಸೆಯಲ್ಲಿ ಹಳ್ಳದ ನೀರು ತಂದು ತಂದು ಹೊಯ್ದರು. ವಾರದಲ್ಲಿ ಎಲ್ಲವೂ ಕಪ್ಪಾದವು. ನೆಡದೆ ಉಳಿಸಿಕೊಂಡಿದ್ದ ಒಂದನ್ನು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದರು. ಗಿಡದ ಹೆಸರಿನ ಜಾಗ ಖಾಲಿ ಬಿಟ್ಟರು. ಸಂಗ್ರಹಿಸಿದವರು ಎಂಬಲ್ಲಿ ನನ್ನ ಹೆಸರು ಬರೆದರು. ಬೇಡ ಸರ್ ಎಂದು ಅಂಗಲಾಚಿದೆ. ಕಿತ್ತವರ ಹೆಸರೇ ಬರೆಯಬೇಕು, ಅದು ಪದ್ಧತಿ ಎಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ.

ನಿವೃತ್ತರಾದ ಮೇಲೂ ಪ್ರತಿ ಚಳಿಗಾಲ ಅಲ್ಲಿಗೆ ಹೋಗುತ್ತಿದ್ದರಂತೆ. ಗಿಡ ಮತ್ತೆ ಹುಟ್ಟಲಿಲ್ಲ. ಕಾಲು ಸೋತು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಬೇರೆ ಏನೂ ಕೇಳಲಿಲ್ಲ, "ಈ ಸಲ ಹಳ್ಳದ ಬದಿಗೆ ಹೋಗಿದ್ಯಾ?" ಎಂದಷ್ಟೇ ಕೇಳಿದರು. ಹೋಗಿರಲಿಲ್ಲ... ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ.

ಟ್ರಂಕಿನ ವಾಸನೆ ತಲೆಯಿಂದ ಹೋಗಲೊಲ್ಲದು. ಮರುದಿನವೇ ಹೆಗ್ಗರಣೆಗೆ ಹೋದೆ. ಬೆಟ್ಟವೆಲ್ಲ ಗುಡಿಸಿ ಚೊಕ್ಕಟವಾಗಿತ್ತು. ಹಳ್ಳದ ದಂಡೆಯಲ್ಲಿ ಮಾತ್ರ ಒಂದು ಚಾಪೆಯಗಲ ಜಾಗದಲ್ಲಿ ದರಕು ಮೊಳಕಾಲೆತ್ತರ ಬಿದ್ದಿತ್ತು. ಬುಟ್ಟಿ ತುಂಬುತ್ತಿದ್ದ ಮುದುಕಿಯನ್ನು ಕೇಳಿದೆ.

"ಅಲ್ಲಿ ಮಾಸ್ತರ ಗಿಡ ಐತೆ ತಂಗೀ. ಅದ್ಕೇ ಗುಡ್ಸೂದಿಲ್ಲ" ಎಂದಳು.

"ನೀವು ನೋಡಿದ್ರಾ?"

"ನಾ ಎಂತಕ್ಕೆ ನೋಡ್ಲಿ? ಅವ್ರು ಐತೆ ಅಂದಿದ್ರಲ್ಲ."

ಕೂತು ಎರಡೂ ಕೈಯಿಂದ ಎಲೆ ಸರಿಸಿದೆ. ಅಡಿಯಲ್ಲಿ ಕಪ್ಪು ಮಣ್ಣು, ಒಂದೆರಡು ಎರೆಹುಳು. ಇನ್ನು ಅಲ್ಲಿ ಏನೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಸರ್ ಇಲ್ಲ, ಕ್ಷಮೆ ಕೇಳುವುದಕ್ಕೂ ಯಾರೂ ಇಲ್ಲ. ಎಲೆಯನ್ನು ಮತ್ತೆ ಮುಚ್ಚಿದೆ.

"ಐತಲ್ಲ?" ಮುದುಕಿ ಅಲ್ಲಿಂದಲೇ ಕೇಳಿದಳು.

ಐತೆ ಎಂದೆ.