ಹೊಳೆಗೆ ಬೆನ್ನು ಮಾಡಿದ ಮುಖಚಿತ್ರ

ಯಡೂರಿನಲ್ಲಿ ನಮ್ಮ ಮನೆತನದವರು ಪಾಲಿಸುತ್ತಿದ್ದ ಒಂದು ನೇಮವಿತ್ತು. ಮನೆಯವರೊಬ್ಬರು ದೋಣಿಯಲ್ಲಿ ಕೃಷ್ಣೆಯನ್ನು ದಾಟಲು ಹೊರಟರೆ ಇನ್ನೊಬ್ಬರು ದಂಡೆಯ ಮೇಲೆ ನಿಲ್ಲಬೇಕು. ಆಚೆ ಮುಟ್ಟಿದವರು ಬಾಯಿಗೆ ಕೈಯೊಡ್ಡಿ ಮನೆತನದ ಹೆಸರು ಹಿಡಿದು ಕೂಗಬೇಕು. ಆ ಕೂಗು ಕಿವಿಗೆ ಬೀಳುವವರೆಗೆ ಈಚೆ ನಿಂತವರು ಹೊಳೆಗೆ ಬೆನ್ನು ಮಾಡಬಾರದು. ನನ್ನ ಅಜ್ಜ ಒಂದು ಮಳೆಗಾಲದ ಸಂಜೆ ದೋಣಿ ಹತ್ತಿದವನು ಮರಳಲಿಲ್ಲ. ಆಯಿ, ಎಂದರೆ ನನ್ನ ಅಜ್ಜಿ, ಕೂಗು ಬರುವ ಮೊದಲೇ ಬೆನ್ನು ತಿರುಗಿಸಿದಳು, ಅದಕ್ಕೇ ಹೊಳೆ ಅವನನ್ನು ಇಟ್ಟುಕೊಂಡಿತು ಎಂಬುದು ಊರು ಒಪ್ಪಿದ ಕಥೆ. ಆಯಿ ಆ ಮಾತನ್ನು ಸಾಯುವವರೆಗೆ ಕೇಳಿಸಿಕೊಂಡಳು; ಒಮ್ಮೆಯೂ ಉತ್ತರ ಕೊಡಲಿಲ್ಲ.

ನಾನು ಆ ಕಥೆಯನ್ನು ನಂಬಿದವನಲ್ಲ. ಶಾಲೆ ನನಗೆ ನಾಲ್ಕನೆಯ ಇಯತ್ತೆಗೇ ಮುಗಿದಿತ್ತು. ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ದುಡಿಯುತ್ತ, ಕೈಗೆ ಸಿಕ್ಕದ್ದನ್ನೆಲ್ಲ ಓದುತ್ತ ವಯಸ್ಸಾದವನು ನಾನು. ಯಾವ ಕಥೆ ಕೇಳಿದರೂ ಕಂಡವರು ಯಾರು ಎಂದು ವಿಚಾರಿಸುವ ಹಟ ಆ ಓದಿನಿಂದ ಬಂತು. ಆಯಿ ಬೆನ್ನು ತಿರುಗಿಸಿದ್ದನ್ನು ಕಂಡೆವು ಎನ್ನುವವರು, ದೋಣಿಯ ಮೇಲಿಡಬೇಕಾದ ಕಣ್ಣನ್ನು ಆ ಗಳಿಗೆಯಲ್ಲಿ ಅವಳ ಮೇಲೆ ಇಟ್ಟದ್ದೇಕೆ? ಈ ಪ್ರಶ್ನೆಯಿಂದ ಎಷ್ಟೋ ಮದುವೆಗಳ ಪಂಕ್ತಿಯಲ್ಲಿ ಬಳಗದವರ ಊಟ ಕೆಡಿಸಿದ್ದೇನೆ.

ಕೈಕೈಗೂ ಮೊಬೈಲ್ ಬಂದಿದ್ದ ವರ್ಷಗಳಲ್ಲಿ ನನ್ನ ತಮ್ಮನ ಮಗಳು ಈ ಕಥೆಯನ್ನೇ ಹಿಡಿದು ಒಂದು ವಿಡಿಯೋ ಗೇಮ್ ಮಾಡಲು ಹೊರಟಳು. ಅವಳು ಚಿಕ್ಕೋಡಿಯಲ್ಲಿ ಲಗ್ನದ ಅಲ್ಬಮ್ಮು, ಫ್ಲೆಕ್ಸ್ ಬ್ಯಾನರುಗಳ ವಿನ್ಯಾಸ ಮಾಡುತ್ತಿದ್ದಳು. ಅವಳ ಗಂಡ, ಅಥಣಿಯಾಚೆಯ ಒಣ ಹಳ್ಳಿಯವನು, ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಬೆನ್ನಿಗೆ ಯಾವ ಕಂಪನಿಯೂ ಇಲ್ಲದೆ ಇಬ್ಬರೇ ಕಟ್ಟಿದ ಆಟವದು. ಆಡುವವನು ದೋಣಿಯಲ್ಲಿ ಕುಳಿತು ಏರುತ್ತಿರುವ ಹೊಳೆಯನ್ನು ದಾಟಬೇಕು, ಆಚೆ ಮುಟ್ಟಿ ಕೂಗಬೇಕು. ಸಾವಿರಾರು ಆಟಗಳನ್ನು ಸಾಲಾಗಿ ಹರಡಿದ ಅಂತರ್ಜಾಲದ ಅಂಗಡಿಯಲ್ಲಿ ಅದನ್ನು ಇಡುವುದಿತ್ತು. ಅಲ್ಲಿ ಆಟದ ಪರವಾಗಿ ಮಾತಾಡುವುದು ಉಗುರಗಲದ ಒಂದು ಮುಖಚಿತ್ರ ಮಾತ್ರ.

ಅವಳ ಮೊದಲ ಚಿತ್ರದಲ್ಲಿ ಹೊಳೆ, ದೋಣಿ, ಮಿಂಚು, ಗುಡಿಯ ಶಿಖರ, ಬಾಯ್ದೆರೆದ ಮೊಸಳೆ, ಮೂಲೆಯಲ್ಲಿ ಆಯಿ, ಮೇಲೆ ಬಂಗಾರದ ಬಣ್ಣದ ಹೆಸರು, ಎಲ್ಲವೂ ಇದ್ದವು.

“ಪಂಚಾಯ್ತಿ ಮೆಂಬರ ಫೋಟೋ ಒಂದ ಬಾಕಿ ಐತಿ ನೋಡವಾ,” ಎಂದೆ.

“ಫ್ಲೆಕ್ಸ್ ಮಾಡಿ ಮಾಡಿ ಕೈಗೆ ಹತ್ತಿದ ಚಟಾ ರೀ ದೊಡ್ಡಪ್ಪಾ. ಖಾಲಿ ಜಾಗಾ ಕಂಡ್ರ ಗಿರಾಕಿ ಬೈತಾರ,” ಎಂದು ನಕ್ಕಳು. ಅದನ್ನು ಉಗುರಿನಷ್ಟು ಕುಗ್ಗಿಸಿ ತೋರಿಸಿದಾಗ ನೆಲಕ್ಕೆ ಚೆಲ್ಲಿದ ಪಲ್ಯದಂತೆ ಕಂಡಿತು. ಆ ಚಿತ್ರವನ್ನು ಅವಳೇ ಅಳಿಸಿದಳು.

ಕೆಲವು ವಾರಗಳ ಮೇಲೆ ತಂದ ಎರಡನೆಯ ಚಿತ್ರವನ್ನು ಕನ್ನಡಕ ಏರಿಸಿ ಎರಡು ಸಲ ನೋಡಿದೆ. ಕಪ್ಪು ನೀರಿನ ಮುಂದೆ ಒಬ್ಬ ಹೆಂಗಸಿನ ದೊಡ್ಡ ಮುಖ. ಅವಳ ಹಿಂದೆ, ಬಹು ದೂರದಲ್ಲಿ, ವಾಲಿದ ಒಂದು ದೋಣಿ.

“ಯಾರ ಮಾರಿ ಇದು?”

“ನಿಮ್ಮದ ರೀ. ಆಯಿದು ಫೋಟೋ ಎಲ್ಲೈತಿ? ನೀವು ಆಯಿ ಹಂಗ ಅದೀರಿ ಅಂತಾರಲಾ ಎಲ್ಲಾರೂ. ಮೀಸಿ ತಗದು ಕುಂಕುಮ ಹಚ್ಚೀನಿ.”

“ಬೆನ್ನು ಹೊಳಿ ಕಡೆ ಐತಿ.”

“ಮಾರಿ ನಮ್ಮ ಕಡೆ ಬರಬೇಕಂದ್ರ ಬೆನ್ನು ಹೊಳಿ ಕಡೆನ ಹೋಗತೈತ್ರಿ. ಮಾರಿ ಇಲ್ಲದ ಚಿತ್ರದ ಮ್ಯಾಲೆ ಯಾರೂ ಬಟ್ಟ ಇಟ್ಟು ಒತ್ತಂಗಿಲ್ಲ.”

“ಊರಾಗ ಇದ್ದ ಸುಳ್ಳಿಗೆ ಬಣ್ಣಾ ಹಚ್ಚಿ ಜಗತ್ತಿಗೆ ತೋರಸಾಕತ್ತೀಯಲ್ಲ! ಹೊಳಿ ಕಡೆ ಮಾರಿ ಮಾಡಿ ನಿಂದರಸು ಆಕಿನ್ನ.”

ಅವಳು ವಾದಿಸದೆ ಹಾಗೆಯೇ ಬರೆದಳು, ಕುಗ್ಗಿಸಿ ನನ್ನ ಮುಂದೆ ಹಿಡಿದಳು. “ಈಗ ನೋಡ್ರಿ. ಜ್ವಾಳದ ಚೀಲಾ ನಿಂದರಸಿದಂಗ ಕಾಣತಾಳ ಆಯಿ.” ಹಾಗೆಯೇ ಕಾಣುತ್ತಿದ್ದಳು. ಬರುವ ಸೋಮವಾರ ಮುಖವಿರುವ ಚಿತ್ರವನ್ನೇ ಅಂಗಡಿಗೆ ಏರಿಸುವುದೆಂದು ಅವಳು ಹೇಳಿದಳು.

ಅಂದಿನಿಂದ ನನ್ನನ್ನು ಹಿಡಿದ ಹೆದರಿಕೆಗೆ ನನ್ನ ಓದಿನಲ್ಲಿ ಹೆಸರಿರಲಿಲ್ಲ. ಊರಿನ ನಾಲ್ಕು ಜನ ಬಾಯಲ್ಲಿ ಆಡಿದ ಮಾತನ್ನು ಬಾಯಿಂದ ಎದುರಿಸಬಹುದು. ಕಾಣದ ದೇಶಗಳ ಸಾವಿರ ಕಣ್ಣುಗಳು ಆಯಿಯ ಬೆನ್ನನ್ನು ಕಂಡ ಮೇಲೆ ನಾನು ಯಾವ ಪಂಕ್ತಿಯಲ್ಲಿ ಕುಳಿತು ಜಗಳವಾಡಲಿ? ಗಡ್ಡ ಹೆರೆಯಲು ಕನ್ನಡಿಯ ಮುಂದೆ ನಿಂತರೆ ಅದೇ ಮುಖ. ನನ್ನ ಬೆನ್ನ ಹಿಂದಿನ ಗೋಡೆಯಲ್ಲಿ ನೀರು ಕಂಡೀತೆಂದು ಕತ್ತೆತ್ತಲು ಹಿಂಜರಿಯುತ್ತಿದ್ದೆ.

ಸೋಮವಾರಕ್ಕೆ ಹಿಂದಿನ ದಿನ ಸಂಜೆ ಮೂವರೂ ಯಡೂರಿಗೆ ಹೋದೆವು. ಅಳಿಯನಿಗೆ ಹುಟ್ಟು ಹಾಕುವ ಸದ್ದು, ಆಚೆ ದಂಡೆಗೆ ನೀರು ಬಡಿಯುವ ಸದ್ದು ಆಟಕ್ಕಾಗಿ ಬೇಕಿತ್ತು. ಸೇತುವೆಗಳಾದ ಮೇಲೆ ದೋಣಿಗಳು ಕಡಿಮೆಯಾಗಿದ್ದವು; ಒಬ್ಬ ಮುದಿ ಅಂಬಿಗ ಒಪ್ಪಿ ಅವನನ್ನು ಹತ್ತಿಸಿಕೊಂಡ. ದೋಣಿ ನಡುನೀರಿಗೆ ಹೋಗುವಷ್ಟರಲ್ಲಿ ಮಳೆ ಇಳಿಯಿತು, ಆಚೆ ದಂಡೆ ಅಳಿಸಿಹೋಯಿತು. ಆಮೇಲೆ ಏನೂ ಇಲ್ಲ. ಕೂಗಿಲ್ಲ, ಫೋನು ಹತ್ತುತ್ತಿಲ್ಲ. ಎಮ್ಮೆ ಹೊಡೆದುಕೊಂಡು ಬಂದವನೊಬ್ಬ ನಿಂತು, “ಮ್ಯಾಲಿನ ಡ್ಯಾಮಿನಾಗಿಂದ ನೀರು ಬಿಟ್ಟಾರಂತ, ಹೊಳಿ ಏರಾಕತ್ತೈತಿ, ದೋಣಿ ಯಾರ ಬಿಟ್ಟ್ರಿ?” ಎಂದು ಬೈದು ಹೋದ. ನಾವು ಬಂದಾಗ ಒಣಗಿದ್ದ ಮೆಟ್ಟಿಲೊಂದು ನೋಡನೋಡುತ್ತಲೇ ನೀರೊಳಗೆ ಇಳಿಯಿತು.

“ದೊಡ್ಡಪ್ಪಾ, ಊರಾಗ ಹೋಗಿ ಯಾರನರ ಕರಕೊಂಡ ಬರೂಣು ನಡೀರಿ,” ಎಂದು ಅವಳು ನನ್ನ ತೋಳು ಹಿಡಿದಳು.

“ನೀ ಹೋಗು. ನಾ ಇಲ್ಲೆ ನಿಂದರತೀನಿ.”

“ನೀವು ಇದನ್ನೆಲ್ಲಾ ನಂಬಂಗಿಲ್ಲಲಾ?”

“ನಂಬಂಗಿಲ್ಲ. ಆದ್ರ ತಿರುಗಂಗೂ ಇಲ್ಲ.”

ಅವಳು ಓಡಿದಳು. ಅವಳ ಚಪ್ಪಲಿಯ ಸದ್ದು ಹಿಂದೆ ಕರಗುವುದನ್ನು ಕತ್ತು ಹೊರಳಿಸದೆ ಕೇಳಿಸಿಕೊಂಡೆ. ನಂಬದ ನೇಮವೊಂದು ನನ್ನ ಕುತ್ತಿಗೆಯನ್ನು ಹಿಡಿದು ನಿಲ್ಲಿಸಿತ್ತು. ಬೆನ್ನ ಮೇಲೆ ಮಳೆ ಬೀಳುತ್ತಿತ್ತು. ಯಾರೋ ಅಲ್ಲಿ ನಿಂತು ನನ್ನನ್ನು ನೋಡುತ್ತಿದ್ದಾರೆ, ಇವನು ಈಗ ತಿರುಗುತ್ತಾನೆ ಎಂದು ಕಾಯುತ್ತಿದ್ದಾರೆ ಅನಿಸಿತು. ಆಯಿಗೂ ಹೀಗೆಯೇ ಅನಿಸಿದ್ದೀತೆ? ದೋಣಿಗೆ ದಂಡೆ ಕಾಣಲೆಂದು ಮೊಬೈಲಿನ ಟಾರ್ಚ್ ಹೊತ್ತಿಸಿ ಎದೆಯ ಮುಂದೆ ಮೇಲ್ಮುಖವಾಗಿ ಹಿಡಿದೆ. ನೀರು ನನ್ನ ಪಾದ ಮುಟ್ಟಿತು. ಹಿಂದೆ ಸರಿದೆ, ಆದರೆ ಹೊಳೆಯಿಂದ ಮುಖ ತಿರುಗಿಸದೆ.

ಕೊನೆಗೆ ಬಂದದ್ದು ಕೂಗಲ್ಲ, ಹುಟ್ಟಿನ ಸದ್ದು. ಮಳೆಯೊಳಗಿಂದ ದೋಣಿಯ ಮೂತಿ ಹೊರಬಂತು. ಅಳಿಯ ನಡುಗುತ್ತ ಇಳಿದ. ಅಷ್ಟರಲ್ಲಿ ಅವನ ಹೆಂಡತಿಯೂ ಇಬ್ಬರನ್ನು ಕರೆದುಕೊಂಡು ಬಂದಿದ್ದಳು.

“ಆಚೆ ಮುಟ್ಟಿದ್ರಿ, ಕೂಗಲಿಲ್ಲ ಯಾಕ?” ಎಂದು ನಾನು ಒದರಿದೆ.

ಅಂಬಿಗ ನನಗಿಂತ ದೊಡ್ಡ ದನಿ ತೆಗೆದ. “ಕೂಗಾಕ ಬಾಯಿ ತಗದಿದ್ನಿರಿ ಸಾಹೇಬ್ರ! ಈ ನಿಮ್ಮ ಅಳಿಯಾ ಬಾಯಿ ಮ್ಯಾಲೆ ಬಟ್ಟ ಇಟಗೊಂಡು ‘ಶ್’ ಅಂದ. ನೀರಿನ ಸಪ್ಪಳಾ ಹಿಡ್ಯಾಕತ್ತಾನಂತ!”

“ರೆಕಾರ್ಡ್ ನಡದಿತ್ತರಿ ಮಾವಾರ,” ಎಂದ ಅಳಿಯ, ಸಣ್ಣ ದನಿಯಲ್ಲಿ. “ಕೂಗೂದು ಆಟದಾಗಷ್ಟ ಅಂತ ತಿಳಕೊಂಡಿದ್ನಿ. ಖರೇನೂ ಕೂಗಬೇಕಂತ ಯಾರೂ ಹೇಳಿರಲಿಲ್ಲ.”

ಹೇಳಿರಲಿಲ್ಲ, ನಿಜ. ಅಂದು ಅಜ್ಜನ ಕೂಗನ್ನು ತಡೆದದ್ದೂ ಏನಿತ್ತೋ. ದಂಡೆಯಲ್ಲಿ ನಿಂತವಳ ಬೆನ್ನಿನಿಂದ ಅದನ್ನು ಅಳೆಯಲಾಗದು ಎಂದು ಆ ಗಳಿಗೆಯಲ್ಲಿ ನನಗೆ ವಾದವಾಗಿ ಅಲ್ಲ, ಮೈಯ ನಡುಕವಾಗಿ ತಿಳಿಯಿತು.

ಗುಡಿಯ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಅಳಿಯ ತನ್ನ ಮೊಬೈಲನ್ನು ಹೆಂಡತಿಯ ಮುಂದಿಟ್ಟ. ದಂಡೆ ಹತ್ತಿರವಾಗುವಾಗ ದೋಣಿಯಿಂದ ತೆಗೆದ ಒಂದು ಫೋಟೋ. ಅವಳು ಅದನ್ನು ಎರಡು ಬೆರಳಿನಿಂದ ಕುಗ್ಗಿಸಿದಳು, ಇನ್ನೂ ಕುಗ್ಗಿಸಿದಳು.

“ದೊಡ್ಡಪ್ಪಾ, ನಾವು ದಂಡಿ ಮ್ಯಾಲೆ ನಿಂತು ಚಿತ್ರಾ ತಗ್ಯಾಕತ್ತಿದ್ದಿವಿ,” ಎಂದಳು. “ದೋಣ್ಯಾಗ ಕುಂತು ತಗೀಬೇಕಿತ್ತು.”

ಫೋಟೋದ ಮುಂಭಾಗವೆಲ್ಲ ಕಪ್ಪು ನೀರು. ಅದರಾಚೆ ಒಂದು ಬೆಳಕು, ಬೆಳಕಿನ ಮೇಲೆ ಒಂದು ಮುಖ. ಮುಖ ಪೂರ್ತಿ ಕಾಣುತ್ತಿತ್ತು, ಏಕೆಂದರೆ ಅದು ಹೊಳೆಯನ್ನೇ ನೋಡುತ್ತಿತ್ತು. ಉಗುರಿನಷ್ಟಾದರೂ ಅಳಿಸಿಹೋಗಲಿಲ್ಲ. ನೋಡುವವನು ಎಲ್ಲಿ ಕುಳಿತಿದ್ದರೂ ನೀರಿನ ಮೇಲಿದ್ದ.

ಅವಳು ಎರಡು ದಿನ ತಡಮಾಡಿ, ಮೀಸೆ ತೆಗೆದು, ಸೆರಗು ಹೊದಿಸಿ, ಮೊಬೈಲಿನ ಜಾಗದಲ್ಲಿ ಕಂದೀಲು ಕೊಟ್ಟು, ಆ ಚಿತ್ರವನ್ನೇ ಏರಿಸಿದಳು. ಕಣ್ಣುಗಳನ್ನು ಮಾತ್ರ ತಿದ್ದಲಿಲ್ಲ. ಅಂಗಡಿಯ ಸಾಲಿನಲ್ಲಿ ಬಂದೂಕು, ಕಾರು, ರಾಕ್ಷಸರ ನಡುವೆ ಆಯಿ ನಿಂತದ್ದನ್ನು ನನಗೆ ತೋರಿಸಿ ಕೇಳಿದಳು, “ಈಗ ಸಮಾಧಾನ ಆತಿಲ್ಲ?”

“ಬೆನ್ನು ತಿರುಗಿಸಿಲ್ಲ, ಅಷ್ಟ ಸಾಕು. ಆಕಿಗೆ ಕೂಗು ಕೇಳಸತೈತೇನು?”

“ಅದು ಆಡಿದವರ ಕೈಯಾಗ ಐತ್ರಿ. ನೀವ ಒಮ್ಮೆ ಆಡಿ ನೋಡ್ರಲಾ.”

ಯಾವ ಮಾತನ್ನೂ ಸ್ವತಃ ಪರೀಕ್ಷಿಸದೆ ಒಪ್ಪದ ನಾನು ಆ ಆಟವನ್ನು ಇಂದಿಗೂ ತೆರೆದಿಲ್ಲ. ಚಿತ್ರವನ್ನು ಮಾತ್ರ ಆಗಾಗ ನೋಡುತ್ತೇನೆ. ಆಯಿ ನನ್ನ ಕಣ್ಣುಗಳಿಂದ ನನ್ನನ್ನೇ ನೋಡುತ್ತಾಳೆ, ನಾನು ಇನ್ನೂ ನಡುನೀರಿನಲ್ಲಿದ್ದವನಂತೆ.